ಮನೆಬಳಕೆಯ ಟೆನ್ಸ್ ಯಂತ್ರ: ಮೋಡ್ ಎಣಿಸಬೇಡಿ, ಪ್ಯಾಡು ತಂತಿ ನೋಡಿ

ನೋವು ಮೂರು ತಿಂಗಳು ದಾಟಿತೆಂದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟರಲ್ಲಿ ಮುಲಾಮು, ಬಿಸಿನೀರಿನ ಚೀಲ, ಸೊಂಟದ ಬೆಲ್ಟು ಎಲ್ಲ ಮನೆ ಸೇರಿರುತ್ತವೆ. ಮುಂದಿನ ಸರದಿ ಸಾಮಾನ್ಯವಾಗಿ ಟೆನ್ಸ್ ಯಂತ್ರದ್ದು. ಅಂಗೈಯಗಲದ ಒಂದು ಡಬ್ಬಿ, ಎರಡು ಜೋಡಿ ತಂತಿ, ನಾಲ್ಕು ಅಂಟುಪ್ಯಾಡು. ಚರ್ಮದ ಮೇಲಿಂದಲೇ ನರಗಳಿಗೆ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕಳಿಸುವುದು ಇದರ ಕೆಲಸ. ಇಲ್ಲಿ ಒಂದು ಕಂಪನಿಯ ಮಾಲನ್ನು ಹೊಗಳುವ ಅಥವಾ ತೆಗಳುವ ಉದ್ದೇಶವಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಮೂರು ಬಗೆಯ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಯಾವುದರಲ್ಲಿ ಏನು ಸರಿ, ಏನು ತಪ್ಪು ಎಂದು ಹೇಳುವುದಷ್ಟೇ.

ತೀರ್ಪು ಮೊದಲೇ ಹೇಳಿಬಿಡೋಣ. ಈ ಯಂತ್ರ ನೋವಿನ ಮೂಲವನ್ನು ಮುಟ್ಟುವುದಿಲ್ಲ. ಹಚ್ಚಿಕೊಂಡಿರುವಷ್ಟು ಹೊತ್ತು, ಕೆಲವರಿಗೆ ತೆಗೆದ ಮೇಲೂ ಸ್ವಲ್ಪ ಹೊತ್ತು, ನೋವನ್ನು ತಗ್ಗಿಸುತ್ತದೆ. ಆ ಬಿಡುವಿನಲ್ಲಿ ಎದ್ದು ನಡೆದಾಡುವವರಿಗೆ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಮಾಡುವವರಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಹಚ್ಚಿಕೊಂಡು ಸುಮ್ಮನೆ ಒರಗುವವರಿಗೆ ಅರ್ಧ ಲಾಭ ಅಲ್ಲೇ ಹೋಯಿತು.

ಇದು ಕೆಲಸ ಮಾಡುವ ಬಗೆ ಗೊತ್ತಿದ್ದರೆ ಗುಂಡಿಗಳ ಮೇಲೆ ಕೈಯಾಡಿಸುವುದು ಸುಲಭ. 1965ರಲ್ಲಿ ರೊನಾಲ್ಡ್ ಮೆಲ್‌ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ‘ಗೇಟ್ ಕಂಟ್ರೋಲ್’ ಸಿದ್ಧಾಂತ ಮಂಡಿಸಿದರು. ಮುಟ್ಟಿದ್ದು, ಅದುರಿದ್ದನ್ನು ತಿಳಿಸುವ ದಪ್ಪ ನರತಂತುಗಳು ಚುರುಕಾದಾಗ, ತೆಳು ತಂತುಗಳಲ್ಲಿ ಬರುವ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲೇ ಬಾಗಿಲು ಬೀಳುತ್ತದೆ ಎಂಬುದು ಅದರ ತಿರುಳು. ಮಂಡಿ ಎಲ್ಲಿಗಾದರೂ ತಗುಲಿದರೆ ಕೈ ತಾನಾಗಿ ಅಲ್ಲಿ ಉಜ್ಜುತ್ತದಲ್ಲ, ಅದೇ ಲೆಕ್ಕ. ಆಮೇಲಿನ ಪ್ರಾಣಿಪ್ರಯೋಗಗಳು ಇದಕ್ಕೆ ಇನ್ನೊಂದು ಪದರ ಸೇರಿಸಿದವು: ದೇಹವೇ ತಯಾರಿಸಿಕೊಳ್ಳುವ, ಅಫೀಮನ್ನು ಹೋಲುವ ರಾಸಾಯನಿಕಗಳ ಪಾತ್ರವೂ ಇದರಲ್ಲಿದೆ. ಆವರ್ತನವೆಂದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಲೆಕ್ಕ, ಅಳೆಯುವುದು ಹರ್ಟ್ಸ್‌ನಲ್ಲಿ; ಗ್ರಾಹಕವೆಂದರೆ ನರಕೋಶದ ಮೇಲೆ ಈ ರಾಸಾಯನಿಕಗಳು ಅಂಟುವ ಜಾಗ. ಕಡಿಮೆ ಆವರ್ತನದ ಮಿಡಿತ ‘ಮ್ಯೂ’ ಗ್ರಾಹಕಗಳ ಮೂಲಕ, ಹೆಚ್ಚಿನ ಆವರ್ತನದ್ದು ‘ಡೆಲ್ಟಾ’ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ. ಕೇಳಲು ಪಾಠದಂತಿದ್ದರೂ ಇದು ಬಳಕೆಗೆ ಬರುವ ಮಾತು. ಮಾರ್ಫಿನ್ ಗುಂಪಿನ ಮಾತ್ರೆಗಳೂ ಮ್ಯೂ ಗ್ರಾಹಕಕ್ಕೇ ಅಂಟುವುದರಿಂದ, ಅವನ್ನು ಬಹುಕಾಲದಿಂದ ನುಂಗುತ್ತಿರುವವರಿಗೆ ಕಡಿಮೆ ಆವರ್ತನ ಅಷ್ಟಾಗಿ ನಾಟುವುದಿಲ್ಲ. ಅಂಥವರು 80–100 ಹರ್ಟ್ಸ್‌ನಿಂದ ಶುರುಮಾಡುವುದು ಲೇಸು.

ಈಗ ಯಂತ್ರಗಳಿಗೆ ಬರೋಣ. ಮೊದಲನೆಯದು ಹಳೆಯ ಮಾದರಿ: 9 ವೋಲ್ಟ್ ಬ್ಯಾಟರಿ, ಮೇಲೆ ಎರಡು ತಿರುಗುವ ನಾಬ್, ಮುಚ್ಚಳದಡಿ ಆವರ್ತನಕ್ಕೊಂದು, ಮಿಡಿತದ ಅಗಲಕ್ಕೊಂದು (ಒಂದು ಮಿಡಿತ ಎಷ್ಟು ಹೊತ್ತು ಇರುತ್ತದೆ ಎಂಬುದೇ ಅದರ ಅಗಲ) ಸಣ್ಣ ತಿರುಗಣಿ. ನೋಡಲು ಚೆಂದವಿಲ್ಲ, ಪರದೆ ಇಲ್ಲ, ಬೆಳಕಿಲ್ಲ. ಆದರೆ ತಿಳಿದು ಬಳಸುವವರ ಕೈಗೆ ಇದೇ ಒಗ್ಗುತ್ತದೆ, ಏಕೆಂದರೆ ನಾಬ್ ತಿರುಗಿಸಿದಂತೆ ಪವರ್ ಎಳೆ ಎಳೆಯಾಗಿ ಏರುತ್ತದೆ, ಎರಡು ಚಾನೆಲ್‌ಗಳನ್ನು (ಒಂದೊಂದು ಜೋಡಿ ತಂತಿಗೆ ಒಂದು ಚಾನೆಲ್) ಬೇರೆ ಬೇರೆ ಇಡಬಹುದು, ಎಷ್ಟು ಹರ್ಟ್ಸ್, ಎಷ್ಟು ಮೈಕ್ರೋಸೆಕೆಂಡ್ ಎಂದು ತಿರುಗಣಿಯ ಸುತ್ತಲೇ ಬರೆದಿರುತ್ತದೆ. ದೋಷವೂ ನಾಬ್‌ನಲ್ಲೇ ಇದೆ. ಜೇಬಿನಲ್ಲಿ ಬಟ್ಟೆ ಉಜ್ಜಿ ಅದು ತಿರುಗಿದರೆ ಕರೆಂಟ್ ಹೊಡೆದಂತೆ ಬೆಚ್ಚಿಬೀಳಬೇಕಾಗುತ್ತದೆ. ನಾಬ್ ಗುಳಿಯೊಳಗೆ ಕೂತಿರುವ ಅಥವಾ ಮೇಲೆ ಮುಚ್ಚಳ ಬರುವ ಮಾದರಿಯನ್ನೇ ಆರಿಸಿ.

ಎರಡನೆಯದು ಚಾರ್ಜ್ ಮಾಡುವ ಡಿಜಿಟಲ್ ಯಂತ್ರ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 24 ಮೋಡ್, 36 ಮೋಡ್ ಎಂದಿರುತ್ತದೆ. ಪರದೆಯ ಮೇಲೆ ಕಾಲು, ಭುಜ, ಬೆನ್ನಿನ ಚಿತ್ರ; ಒಂದೊಂದರ ಮುಂದೆ ತಟ್ಟುವುದು, ನಾದುವುದು, ಹಿಸುಕುವುದು ಎಂಬ ಹೆಸರು. ಇದರಲ್ಲಿ ನಮಗೆ ಹಿಡಿಸದ್ದು ಇದೇ. ‘ನಾದುವ’ ಮೋಡ್‌ನಲ್ಲಿ ಎಷ್ಟು ಹರ್ಟ್ಸ್ ಹೋಗುತ್ತಿದೆ ಎಂದು ಕೈಪಿಡಿಯೂ ಹೇಳುವುದಿಲ್ಲ. ಮೊನ್ನೆ ಅನುಕೂಲವಾದದ್ದು ಏಕೆ, ಇವತ್ತು ಆಗದ್ದು ಏಕೆ ಎಂದು ಪತ್ತೆಹಚ್ಚಲು ದಾರಿಯೇ ಇರುವುದಿಲ್ಲ. ಹಾಗೆಂದು ಈ ಬಗೆಯೇ ಬೇಡವೆನ್ನುವಂತಿಲ್ಲ. ಪ್ರತಿ ಮೋಡ್‌ನ ಅಂಕಿಗಳನ್ನು ಕೈಪಿಡಿಯಲ್ಲಿ ಪಟ್ಟಿಮಾಡಿ ಕೊಟ್ಟಿದ್ದರೆ, ಜೊತೆಗೆ ಕೈಯಾರೆ ಹೊಂದಿಸಿಕೊಳ್ಳುವ ಒಂದು ಮೋಡ್ ಇದ್ದರೆ ಧಾರಾಳವಾಗಿ ಕೊಳ್ಳಬಹುದು. ಪವರ್‌ನ ಮೆಟ್ಟಿಲುಗಳನ್ನೂ ಎಣಿಸಿ. ಸೊನ್ನೆಯಿಂದ ಗರಿಷ್ಠಕ್ಕೆ 20 ಮೆಟ್ಟಿಲಷ್ಟೇ ಇದ್ದರೆ 7 ಸಾಲದು, 8 ಜಾಸ್ತಿ ಎಂಬ ಪೇಚು ಬರುತ್ತದೆ. 40ಕ್ಕಿಂತ ಹೆಚ್ಚಿದ್ದರೆ ಹಿತ.

ಟೆನ್ಸ್ ಜೊತೆಗೆ ಇಎಂಎಸ್ ಸೇರಿಸಿ ಮಾರುವುದೂ ಈ ಬಗೆಯಲ್ಲೇ ಹೆಚ್ಚು. ಇಎಂಎಸ್ ಎಂದರೆ ಸ್ನಾಯುವನ್ನು ಹಿಂಡಿ ಬಿಡುವಂತೆ ಮಾಡುವ ಮಿಡಿತ, ಅದರ ಗುರಿಯೇ ಬೇರೆ. ಗೊತ್ತಿಲ್ಲದೆ ಊದಿದ ಮಂಡಿಯ ಸುತ್ತ ಅದನ್ನು ಹಾಕಿಕೊಂಡರೆ ಮರುದಿನ ನೋವು ಏರುತ್ತದೆ, ಬೈಗುಳ ಟೆನ್ಸ್‌ಗೆ ಬೀಳುತ್ತದೆ.

ಮೂರನೆಯದು ತಂತಿಯಿಲ್ಲದ್ದು, ಪ್ಯಾಡಿನ ಬೆನ್ನಿಗೇ ಅಂಟಿಕೊಳ್ಳುವ ಬಿಲ್ಲೆ. ಬಟ್ಟೆಯೊಳಗೆ ಕಾಣುವುದಿಲ್ಲ, ಓಡಾಟಕ್ಕೆ ಹೇಳಿಮಾಡಿಸಿದ್ದು. ಆದರೆ ಎರಡು ಪ್ಯಾಡಿನ ನಡುವಿನ ಅಂತರ ತಯಾರಕರು ಇಟ್ಟಷ್ಟೇ. ಸೊಂಟಕ್ಕೆ ಸರಿಹೋಗುವ ಬಿಲ್ಲೆ ಮಣಿಕಟ್ಟಿಗೆ ಕೂರುವುದಿಲ್ಲ. ಪ್ಯಾಡುಗಳೂ ಆ ಕಂಪನಿಯವೇ ಆಗಬೇಕು. ಅವು ಸಿಗುವುದು ನಿಂತ ದಿನ ಬಿಲ್ಲೆ ಮೂಲೆ ಸೇರಿತು. ತಂತಿಯ ಮಾದರಿಗಳಲ್ಲಿ ಬಹುಪಾಲಿಗೆ 2 ಮಿಲಿಮೀಟರ್ ಪಿನ್ ಇರುವುದರಿಂದ ಯಾರ ಪ್ಯಾಡಾದರೂ ಒಗ್ಗುತ್ತದೆ.

ಯಾವ ಬಗೆಯಾದರೂ ಪ್ಯಾಡೇ ಯಂತ್ರದ ಜೀವ. ಸಾಮಾನ್ಯ ಅಳತೆ 5×5 ಸೆಂಟಿಮೀಟರ್. ಅಡಿಯಲ್ಲಿರುವ ಜಿಗುಟು ಪದರ ನೀರಿನಂಶವುಳ್ಳ ಜೆಲ್. ಕರೆಂಟು ಚರ್ಮಕ್ಕೆ ಇಡೀ ಪ್ಯಾಡಿನಗಲ ಸಮನಾಗಿ ಇಳಿಯುವುದು ಅದರಿಂದಲೇ. ಚರ್ಮದ ಎಣ್ಣೆ, ಸತ್ತ ಪೊರೆ, ಕೂದಲು ಮೆತ್ತಿಕೊಂಡಂತೆ ಅಥವಾ ಜೆಲ್ ಒಣಗಿದಂತೆ ಅಂಚು ಮೇಲೇಳುತ್ತದೆ. ಆಗ ಅದೇ ಕರೆಂಟು ಉಳಿದ ಚಿಕ್ಕ ಜಾಗದಲ್ಲೇ ನುಗ್ಗಬೇಕು. ಹಿತವಾದ ಜುಮುಜುಮು ಹೋಗಿ ಸೂಜಿ ಚುಚ್ಚಿದಂತೆ ಚುರುಗುಟ್ಟುವುದು ಇದಕ್ಕೇ. ‘ಯಂತ್ರ ಕೆಟ್ಟಿದೆ’ ಎಂಬ ದೂರುಗಳಲ್ಲಿ ಕೆಟ್ಟಿರುವುದು ಬಹುಮಟ್ಟಿಗೆ ಪ್ಯಾಡು. ಕರೆಂಟನ್ನು ಸ್ಥಿರವಾಗಿ ಇಡುವ ಯಂತ್ರಗಳಲ್ಲಿ ಈ ಚುಚ್ಚು ಜೋರು, ಪ್ಯಾಡು ಅರ್ಧ ಎದ್ದರೂ ಅವು ಅಷ್ಟೇ ಕರೆಂಟನ್ನು ತಳ್ಳುತ್ತವೆ. ವೋಲ್ಟೇಜನ್ನು ಸ್ಥಿರವಾಗಿಡುವ ಯಂತ್ರಗಳಲ್ಲಿ ಪ್ಯಾಡು ಒಣಗಿದಂತೆ ಸಪ್ಪೆಯಾಗುತ್ತದೆ, ಬಳಸುವವರು ಪವರ್ ಏರಿಸುತ್ತಲೇ ಹೋಗುತ್ತಾರೆ.

ಆದ್ದರಿಂದ ಹಚ್ಚುವ ಮುಂಚೆ ಜಾಗವನ್ನು ಸೋಪು ನೀರಿನಿಂದ ತೊಳೆದು ಪೂರ್ತಿ ಒರೆಸಿ. ಎಣ್ಣೆ, ಲೋಷನ್, ನೋವಿನ ಮುಲಾಮು ಚೂರೂ ಉಳಿಯಬಾರದು. ಮೆಣಸಿನ ಸತ್ವವಿರುವ ಮುಲಾಮು ಹಚ್ಚಿದ ಜಾಗದ ಮೇಲಂತೂ ಪ್ಯಾಡು ಬೇಡವೇ ಬೇಡ. ಕೂದಲು ದಟ್ಟವಾಗಿದ್ದರೆ ಕತ್ತರಿಯಿಂದ ಮೋಟಾಗಿಸಿ. ಬ್ಲೇಡಿನಿಂದ ಬೋಳಿಸಿ ಆಗಲೇ ಹಚ್ಚಿದರೆ ಸಣ್ಣ ಗೀರುಗಳು ಉರಿಯುತ್ತವೆ. ತೆಗೆಯುವಾಗ ತಂತಿ ಹಿಡಿದು ಎಳೆಯದೆ ಪ್ಯಾಡಿನ ಮೂಲೆ ಹಿಡಿದು ಸುಲಿಯಿರಿ. ತಂತಿ ಎಳೆದರೆ ಒಳಗಿನ ಜಾಲರಿ ಬಾಲದ ಬುಡದಲ್ಲಿ ಕಿತ್ತುಬರುತ್ತದೆ. ಮತ್ತೆ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಬಾಯಿ ಮುಚ್ಚುವ ಚೀಲದಲ್ಲಿ ಹಾಕಿ ತಂಪು ಜಾಗದಲ್ಲಿಡಿ. ಅಂಟು ಕುಗ್ಗಿದಾಗ ಬೆರಳ ತುದಿಯಲ್ಲಿ ಒಂದು ಹನಿ ನೀರು ಸವರಿ ಒಂದೆರಡು ನಿಮಿಷ ಬಿಟ್ಟರೆ ಇನ್ನೂ ಕೆಲವು ಸಲ ಬರುತ್ತದೆ. ಒಂದು ಜೊತೆ 15ರಿಂದ 30 ಸಲ ಬಾಳಿದರೆ ಅದು ತನ್ನ ಕೆಲಸ ಮಾಡಿದಂತೆಯೇ. ನಿಜವಾದ ಖರ್ಚು ಇರುವುದು ಈ ಪ್ಯಾಡುಗಳಲ್ಲಿ, ಯಂತ್ರದಲ್ಲಲ್ಲ.

ಹಚ್ಚುವ ಜಾಗ. ಸೊಂಟಕ್ಕಾದರೆ ಬೆನ್ನುಮೂಳೆಯ ಎರಡೂ ಬದಿ, ಮೂಳೆಯಿಂದ ಎರಡು ಬೆರಳು ಆಚೆ, ಒಂದೊಂದು ಬದಿಗೆ ಒಂದು ಚಾನೆಲ್. ಮೂಳೆಯ ಗಂಟುಗಳ ಮೇಲೆಯೇ ಇಟ್ಟರೆ ಚುಚ್ಚುತ್ತದೆ. ಎರಡು ಪ್ಯಾಡುಗಳ ನಡುವೆ ಕನಿಷ್ಠ 2.5 ಸೆಂಟಿಮೀಟರ್ ಇರಲಿ. ತೀರಾ ಹತ್ತಿರವಾದರೆ ಕರೆಂಟು ಚರ್ಮದ ಮೇಲ್ಪದರದಲ್ಲೇ ಹರಿದುಹೋಗುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಕತ್ತುನೋವಿಗೆ ಹಿಂಬದಿ ಮತ್ತು ಹೆಗಲ ದಿಂಡಿನ ಮೇಲೆ ಮಾತ್ರ. ಕುತ್ತಿಗೆಯ ಮುಂಭಾಗ, ಪಕ್ಕ ಕೂಡದು, ಅಲ್ಲಿನ ರಕ್ತನಾಳದ ಸಂವೇದಿ ಜಾಗ ಕೆರಳಿದರೆ ರಕ್ತದೊತ್ತಡ ದಿಢೀರನೆ ಕುಸಿಯಬಹುದು.

ಮಂಡಿಯನ್ನೇ ಉದಾಹರಣೆಗೆ ತೆಗೆದುಕೊಂಡು ಹಂತಹಂತವಾಗಿ ನೋಡಿ. ಯಂತ್ರ ಆಫ್ ಇರಬೇಕು, ಎರಡೂ ಚಾನೆಲ್ ಸೊನ್ನೆಯಲ್ಲಿರಬೇಕು. ಮಂಡಿಚಿಪ್ಪಿನ ಮೇಲುಗಡೆ ಒಳಬದಿಗೊಂದು, ಹೊರಬದಿಗೊಂದು. ಕೆಳಗಡೆಯೂ ಹಾಗೇ, ಒಟ್ಟು ನಾಲ್ಕು ಪ್ಯಾಡು. ಮೊದಲ ಚಾನೆಲ್‌ನ ಎರಡು ಪಿನ್‌ಗಳನ್ನು ಮೇಲಿನ ಒಳಗಿನದಕ್ಕೂ ಕೆಳಗಿನ ಹೊರಗಿನದಕ್ಕೂ ಹಾಕಿ, ಎರಡನೆಯದನ್ನು ಉಳಿದ ಎರಡಕ್ಕೆ. ಎರಡು ಕರೆಂಟುಗಳೂ ಕೀಲಿನ ನಡುವೆ ಕತ್ತರಿಯಾಗಿ ಹಾಯುತ್ತವೆ. ಮಂಡಿ ಸ್ವಲ್ಪ ಮಡಚಿಕೊಂಡೇ ಅಂಟಿಸಿ. ಕಾಲು ಚಾಚಿ ಅಂಟಿಸಿದರೆ ನಡೆಯುವಾಗ ಚರ್ಮ ಹಿಗ್ಗಿ ಪ್ಯಾಡು ಏಳುತ್ತದೆ. ಆವರ್ತನ 100 ಹರ್ಟ್ಸ್, ಮಿಡಿತದ ಅಗಲ 150ರಿಂದ 200 ಮೈಕ್ರೋಸೆಕೆಂಡ್, ಸಮಯ 30 ನಿಮಿಷ. ಈಗ ಒಂದು ಚಾನೆಲ್ ಮಾತ್ರ ನಿಧಾನ ಏರಿಸಿ. ಮೊದಲು ಏನೂ ಇಲ್ಲ, ಆಮೇಲೆ ಸಣ್ಣ ಜುಮುಜುಮು, ಇನ್ನಷ್ಟು ಏರಿಸಿದರೆ ಗಟ್ಟಿಯಾದ ಝುಂಕಾರ. ಅದು ಜೋರಾಗಿರಬೇಕು, ಆದರೆ ನೋಯಬಾರದು, ಸ್ನಾಯು ಸೆಟೆಯಬಾರದು. ಅಲ್ಲಿಗೆ ನಿಲ್ಲಿಸಿ ಎರಡನೆಯದನ್ನು ಏರಿಸಿ. ಐದು ನಿಮಿಷಕ್ಕೆಲ್ಲ ಅದೇ ಪವರ್ ಮಂದವೆನಿಸುತ್ತದೆ, ನರ ಒಗ್ಗಿಕೊಂಡಿದೆ ಎಂದರ್ಥ. ಒಂದು ಮೆಟ್ಟಿಲು ಏರಿಸಿ. ‘ಹಚ್ಚಿದರೂ ಏನೂ ಆಗಲಿಲ್ಲ’ ಎನ್ನುವವರು ಎಡವುವುದು ಇಲ್ಲೇ: ಮೊದಲ ಜುಮುಜುಮು ಬಂದಲ್ಲಿಗೇ ನಿಲ್ಲಿಸಿ ಅರ್ಧ ಗಂಟೆ ಕಾಯುತ್ತಾರೆ. ಮುಗಿದ ಮೇಲೆ ಪವರ್ ಸೊನ್ನೆಗಿಳಿಸಿ, ಆಫ್ ಮಾಡಿ, ಆಮೇಲೆಯೇ ಪ್ಯಾಡಿಗೆ ಕೈಹಾಕಿ.

ಕಡಿಮೆ ಆವರ್ತನದ ವಿಧಾನ ಬೇರೆ. 2ರಿಂದ 4 ಹರ್ಟ್ಸ್, ಅಗಲ 200 ಮೈಕ್ರೋಸೆಕೆಂಡಿನ ಆಸುಪಾಸು, ಸ್ನಾಯು ಕಣ್ಣಿಗೆ ಕಾಣುವಂತೆ ಮಿಡಿಯಬೇಕು. ಇದರ ಪರಿಣಾಮ ನಿಧಾನ, ಆದರೆ ತೆಗೆದ ಮೇಲೂ ಕೊಂಚ ಉಳಿಯುತ್ತದೆ ಎಂಬುದು ಹಲವರ ಅನುಭವ. ಉರಿಯೂತ ಜೋರಿರುವ ಕೀಲಿಗೆ ಇದನ್ನು ತರಬೇಡಿ. ವೇಗದ ಮಿಡಿತಗಳನ್ನು ಸಣ್ಣ ಗೊಂಚಲುಗಳಾಗಿ, ಬಿಟ್ಟುಬಿಟ್ಟು ಕಳಿಸುವ ‘ಬರ್ಸ್ಟ್’ ಮೋಡ್ ಇವೆರಡರ ನಡುವಿನದು.

ದಿನವೂ ಅದೇ ಆವರ್ತನ, ಅದೇ ಪವರ್, ಅದೇ ಹೊತ್ತು ಎಂದು ಕೂತರೆ ನಾಲ್ಕೈದು ದಿನಕ್ಕೆ ಪರಿಣಾಮ ಸವೆಯತೊಡಗಬಹುದು, ದೇಹ ಒಗ್ಗಿಕೊಳ್ಳುತ್ತದೆ. ಬೆಳಗ್ಗೆ ಹೆಚ್ಚಿನ ಆವರ್ತನ, ಸಂಜೆ ಕಡಿಮೆಯದು ಎಂದು ಅದಲುಬದಲು ಮಾಡಿ. ತಾನಾಗಿ ಏರಿಳಿಯುವ ‘ಮಾಡ್ಯುಲೇಶನ್’ ಇದ್ದರೆ ಅದನ್ನು ಬಳಸಿ. ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡಿ. ಇನ್ನೊಂದು ಚಿಕ್ಕ ಸಂಗತಿ: ಕೆಫೀನ್ ಟೆನ್ಸ್‌ನ ಪರಿಣಾಮವನ್ನು ಕುಗ್ಗಿಸಬಲ್ಲದು ಎಂದು 1995ರ ಒಂದು ಸಣ್ಣ ಪ್ರಯೋಗ ತೋರಿಸಿತ್ತು, ಕೊಟ್ಟ ಪ್ರಮಾಣ 200 ಮಿಲಿಗ್ರಾಂ. ಕಾಫಿ ಬಿಡಬೇಕೆಂದಿಲ್ಲ. ಯಂತ್ರ ಹಚ್ಚಿ ಮುಗಿಸಿದ ಮೇಲೆ ಕುಡಿದರಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಪುರಾವೆಯ ಮಾತು. ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಮೂಲಕಾರಣ ಸಿಗದ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ ಎಂದು ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೇಳಿತು. ಸೊಂಟನೋವಿನ ವಿಷಯದಲ್ಲಿ 2016ರಲ್ಲೇ ಹಾಗೆ ಹೇಳಿತ್ತು. ಅತ್ತ 2022ರಲ್ಲಿ 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು, ಹಚ್ಚಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಹುಸಿಯಂತ್ರಕ್ಕಿಂತ ಕಡಿಮೆಯಿರುತ್ತದೆ ಎಂದಿತು. ಎರಡೂ ನಿಜವಿರಬಹುದು. ನೈಸ್ ಕೇಳುವುದು ದೀರ್ಘಕಾಲದ ಲಾಭ. ಈ ವಿಶ್ಲೇಷಣೆ ಅಳೆದದ್ದು ಆ ಹೊತ್ತಿನ ಆರಾಮ. ಹುಸಿಯಂತ್ರ ಇಟ್ಟು ಪರೀಕ್ಷಿಸುವುದೂ ಕಷ್ಟ, ಜುಮುಗುಟ್ಟದ ಯಂತ್ರ ಹುಸಿಯೆಂದು ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಮಟ್ಟಿಗೆ ಹೆಚ್ಚು ಬಳಕೆಗೆ ಬರುವುದು 2020ರಲ್ಲಿ ಪ್ರಕಟವಾದ, ಫೈಬ್ರೊಮಯಾಲ್ಜಿಯ (ಮೈಯೆಲ್ಲ ನೋವು, ದಣಿವು ಬಹುಕಾಲ ಕಾಡುವ ಕಾಯಿಲೆ) ಇರುವ 301 ಮಹಿಳೆಯರ ಪ್ರಯೋಗ. ಅವರು ಮನೆಯಲ್ಲಿ, ಓಡಾಡುವ ಹೊತ್ತಿನಲ್ಲಿ, ತಡೆಯಬಹುದಾದ ಗರಿಷ್ಠ ಪವರ್‌ನಲ್ಲಿ ನಾಲ್ಕು ವಾರ ಬಳಸಿದಾಗ ಅಲುಗಾಡುವಾಗಿನ ನೋವು ಮತ್ತು ದಣಿವು ಎರಡೂ ಇಳಿದವು. ಪವರ್ ಸಾಕಷ್ಟಿರಬೇಕು, ಮೈ ಅಲುಗಾಡುತ್ತಿರಬೇಕು ಎಂಬ ಎರಡೂ ಮಾತು ಅಲ್ಲಿವೆ.

ಹಾಗಾಗಿ ವ್ಯಾಯಾಮಕ್ಕೆ ಹತ್ತು ನಿಮಿಷ ಮುಂಚೆ ಹಚ್ಚಿ, ವ್ಯಾಯಾಮ ಮುಗಿಯುವವರೆಗೆ ಇಟ್ಟುಕೊಳ್ಳಿ. ಒಂದು ಎಚ್ಚರ: ನೋವು ಮಂಕಾಗಿದೆಯೆಂದು ಅಂದು ಎರಡರಷ್ಟು ನಡೆದರೆ ಮರುದಿನ ಹಾಸಿಗೆ ಹಿಡಿಯಬೇಕಾಗುತ್ತದೆ. ಯಂತ್ರವಿಲ್ಲದೆ ಎಷ್ಟು ನಡೆಯಬಲ್ಲಿರೋ ಅದನ್ನೇ ಅಳತೆಗೋಲು ಮಾಡಿಕೊಂಡು ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ಏರಿಸಿ. ಬಿಸಿ ಶಾಖ ಬೇಕಿದ್ದರೆ ಯಂತ್ರದ ಮುಂಚೆ ಅಥವಾ ಆಮೇಲೆ, ಒಟ್ಟಿಗೆ ಬೇಡ. ಶಾಖಕ್ಕೆ ಜೆಲ್ ಮೆತ್ತಗಾಗಿ ಜಾರುತ್ತದೆ, ಜುಮುಗುಡುವ ಚರ್ಮಕ್ಕೆ ಸುಡುತ್ತಿರುವುದು ಬೇಗ ತಿಳಿಯುವುದಿಲ್ಲ.

ಇದನ್ನು ಮುಟ್ಟಲೇಬಾರದವರೂ ಇದ್ದಾರೆ. ಪೇಸ್‌ಮೇಕರ್ ಅಥವಾ ಎದೆಯೊಳಗೆ ಶಾಕ್ ಕೊಡುವ ಸಾಧನವಿರುವವರು ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ಹತ್ತಿರಕ್ಕೂ ತರಬಾರದು. ಅಪಸ್ಮಾರ ಇರುವವರು ತಲೆ ಕುತ್ತಿಗೆಯ ಭಾಗಕ್ಕೆ ಹಚ್ಚಬಾರದು. ಗರ್ಭಿಣಿಯರು ವೈದ್ಯರು ಹೇಳದ ಹೊರತು ಹೊಟ್ಟೆ ಸೊಂಟಕ್ಕೆ ಬೇಡ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಗಾಯ ಅಥವಾ ಸೋಂಕು ಇದ್ದರೆ, ಕ್ಯಾನ್ಸರ್ ಗೆಡ್ಡೆಯ ಜಾಗವಾದರೆ ಅಲ್ಲಿ ಬೇಡ. ಎದೆಗೂ ಬೆನ್ನಿಗೂ ಅಡ್ಡಹಾಯುವಂತೆ ಎರಡು ಪ್ಯಾಡು ಇಡಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಮೊದಲು ಹತ್ತಿ ಎಳೆಯಿಂದ ಸವರಿ, ಮೊಂಡು ತುದಿಯಿಂದ ಒತ್ತಿ ನೋಡಲಿ. ಎರಡರ ವ್ಯತ್ಯಾಸ ಗೊತ್ತಾಗದ ಚರ್ಮದ ಮೇಲೆ ಪ್ಯಾಡು ಬೇಡ, ಪವರ್ ಎಷ್ಟು ಜಾಸ್ತಿಯಾಯಿತೆಂದು ಆ ಚರ್ಮ ಹೇಳಲಾರದು. ಸ್ನಾನ ಮಾಡುವಾಗ, ವಾಹನ ಓಡಿಸುವಾಗ, ನಿದ್ದೆಯಲ್ಲಿ ಬಳಕೆ ಬೇಡ. ರಾತ್ರಿ ಎಬ್ಬಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮೂತ್ರ ಮಲದ ಹಿಡಿತ ತಪ್ಪುವುದು, ಕಾಲಿನ ಶಕ್ತಿ ಕುಂದುವುದು ಇದ್ದರೆ ಯಂತ್ರ ಕಟ್ಟಿಟ್ಟು ಆಸ್ಪತ್ರೆಗೆ ಹೊರಡಿ.

ತೆಗೆದ ಮೇಲೆ ಪ್ಯಾಡಿನಾಕಾರದ ತಿಳಿಗೆಂಪು ಕಾಣುವುದು ಸಹಜ, ಗಂಟೆಯೊಳಗೆ ಮಾಯವಾಗುತ್ತದೆ. ಮರುದಿನವೂ ಕೆಂಪಿದ್ದು ತುರಿಸಿದರೆ ಅದು ಅಂಟಿನ ಅಲರ್ಜಿ ಇರಬಹುದು. ಸೂಕ್ಷ್ಮ ಚರ್ಮಕ್ಕೆಂದೇ ಬರುವ ಜೆಲ್‌ನ ಪ್ಯಾಡಿಗೆ ಬದಲಿಸಿ, ದಿನಕ್ಕೊಂದಿಷ್ಟು ಜಾಗ ಸರಿಸಿ ಹಚ್ಚಿ.

ಯಂತ್ರ ಕೈಗೆ ಬಂದ ದಿನವೇ, ವಾಪಸು ಕೊಡುವ ಗಡುವು ಮುಗಿಯುವ ಮುಂಚೆ, ಒಂದು ಪರೀಕ್ಷೆ ಮಾಡಿಕೊಳ್ಳಿ. ಮುಂಗೈಯಿಂದ ಮೊಣಕೈವರೆಗಿನ ಭಾಗದ ಮೇಲೆ ಎರಡು ಪ್ಯಾಡು ಹಚ್ಚಿ, ಕಡಿಮೆ ಪವರ್‌ನಲ್ಲಿಟ್ಟು, ತಂತಿಯನ್ನು ಪಿನ್ನಿನ ಬುಡದಲ್ಲೂ ಡಬ್ಬಿಯ ಬುಡದಲ್ಲೂ ಮೆಲ್ಲಗೆ ಬಾಗಿಸಿ. ಜುಮುಜುಮು ಬಿಟ್ಟುಬಿಟ್ಟು ಬಂದರೆ ಒಳಗಿನ ಎಳೆ ತುಂಡಾಗುತ್ತಿದೆ. ಇನ್ನೊಂದು ಚಾನೆಲ್‌ನ ತಂತಿ ಹಾಕಿ ನೋಡಿ. ಆಗ ಸರಿಹೋದರೆ ತಪ್ಪು ತಂತಿಯದ್ದು, ಬದಲಿ ತಂತಿ ಕೇಳಿ. ಆಗಲೂ ಹಾಗೇ ಇದ್ದರೆ ಯಂತ್ರದ ಸಾಕೆಟ್ ಸಡಿಲ, ಇಡೀ ಡಬ್ಬಿಯನ್ನೇ ಹಿಂದಿರುಗಿಸಿ. ಯಂತ್ರ ಉಳಿಸಿಕೊಂಡಿರಾದರೆ ನಾಲ್ಕು ವಾರ ದಿನವೂ ಮೂರು ಅಂಕಿ ಬರೆದಿಡಿ: ಹಚ್ಚುವ ಮುಂಚೆ, ನಡೆದಾಡುವಾಗ, ತೆಗೆದು ಒಂದು ಗಂಟೆಯ ನಂತರ, 0ರಿಂದ 10ರೊಳಗೆ ನೋವು ಎಷ್ಟು ಎಂದು. ನಡೆದಾಡುವಾಗಿನ ಅಂಕ ಸರಾಸರಿ 2ರಷ್ಟಾದರೂ ಇಳಿದಿದ್ದರೆ ಎರಡನೆಯ ಜೊತೆ ಪ್ಯಾಡು ಕೊಳ್ಳಿ, ಇಲ್ಲದಿದ್ದರೆ ಕೊಳ್ಳಬೇಡಿ.